ಎಸೆದ ಮಣ್ಣಲ್ಲಿ ಮೊಳೆತ ಉಪ್ಪಾಗೆ

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಒಂದು ಸಣ್ಣ ಊರು. ಮನೆ ಎದುರು ಅಡಿಕೆ ತೋಟ, ಹಿಂದೆ ಬೆಟ್ಟ, ಅದರಾಚೆ ಅಕೇಶಿಯಾ ನೆಡುತೋಪು. ಹೆಂಗಸರ ಸಂಘದಿಂದ ಕಾಡುಮರಗಳ ನರ್ಸರಿ ಮಾಡೋಣ ಎಂದು ಹೊರಟಾಗ ನಾವು ಹನ್ನೊಂದು ಜನ ಇದ್ದೆವು. ಅಡಿಕೆ ಸಸಿ ಮಾಡಿ ಎಲ್ಲರಿಗೂ ಗೊತ್ತಿತ್ತು. ಕಾಡಿನ ಸಸಿಯೂ ಹಾಗೇ ಬರುತ್ತದೆ ಅಂದುಕೊಂಡಿದ್ದೆವು.

ಮೊದಲು ಹಾಕಿದ್ದು ಉಪ್ಪಾಗೆ, ಹುಳಿ ಹಣ್ಣು ಬಿಡುವ ಕಾಡುಮರ. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ತಂದು, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ. ಕೆಲವರು ಬೀಜದಿಂದ ತುಪ್ಪ ತೆಗೆಯುತ್ತಾರೆ. ಉಳಿದ ಮನೆಗಳಲ್ಲಿ ಬೀಜ ರಾಶಿ ಬಿದ್ದಿರುತ್ತದೆ. ಸುಮ್ನೆ ಸಿಗುವ ಬೀಜ, ಅಲ್ವಾ? ಆಗಸ್ಟ್‌ನಲ್ಲಿ ಒಂದು ಇಡೀ ಮಡಿ ತುಂಬಿಸಿದೆವು. ಸೆಪ್ಟೆಂಬರ್ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಒಂದೂ ಮೊಳೆಯಲಿಲ್ಲ. ಬೀಜ ಸತ್ತಿದೆ ಎಂದು ಮಡಿ ಕೆದರಿ, ಮಣ್ಣನ್ನು ಬೇಲಿಯಾಚೆ ಎಸೆದೆವು. ಜೂನ್‌ನಲ್ಲಿ ಮೊದಲ ಮಳೆ ಬಿದ್ದು ವಾರ ಕಳೆದಿರಬಹುದು. ದನ ಹುಡುಕಲು ಹೋದ ನಮ್ಮತ್ತೆ ಬೇಲಿಯಾಚೆಯಿಂದಲೇ ಕೂಗಿದರು: 'ತಂಗಿ, ನಿನ್ನ ಉಪ್ಪಾಗೆ ಇಲ್ಲಿ ಎದ್ದಿದೆ ನೋಡು!' ಎಸೆದ ಮಣ್ಣಿನ ರಾಶಿಯ ತುಂಬ ಕೆಂಪು ಚಿಗುರು. ಆ ದಿನ ಎಲ್ಲರೂ ಕೂತು ಒಂದೊಂದನ್ನೇ ಎತ್ತಿ ಕೊಟ್ಟೆಗೆ, ಅಂದರೆ ಸಸಿ ಬೆಳೆಸುವ ಚೀಲಕ್ಕೆ, ಹಾಕಿದೆವು.

ಉಪ್ಪಾಗೆ ಬೀಜ ಮೊಳೆಯಲು ಆರು ತಿಂಗಳಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು. ಈಗ ನಾವು ಮೇಲಿನ ಗಟ್ಟಿ ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿ ಹಾಕುತ್ತೇವೆ. ಒಳಗಿನ ಬೇಳೆಗೆ ಗಾಯ ಆಗಬಾರದು. ಹಾಗೆ ಮಾಡಿದರೆ ತುಂಬ ಬೇಗ ಮೊಳೆಯುತ್ತದೆ. ಆದರೂ ಸ್ವಲ್ಪ ಬೀಜವನ್ನು ಸಿಪ್ಪೆ ಸಮೇತ ಹಾಕಿ ಬಿಡುತ್ತೇವೆ. ಆ ಮಡಿಗೆ ತಗಡಿನ ಫಲಕ ಇದೆ. ಬೀಜ ಹಾಕಿದ ತಾರೀಕು, ಕೆಳಗೆ 'ಮುಟ್ಟಬೇಡಿ'.

ಎರಡನೇ ಪೆಟ್ಟು ಇದಕ್ಕೆ ಪೂರ್ತಿ ಉಲ್ಟಾ. ಸಾಲುಧೂಪದ ಬೀಜ ಒಂದು ಚೀಲ ಆರಿಸಿ ತಂದಿದ್ದೆವು. ಒಳ್ಳೆ ದಪ್ಪ ಬೀಜ. ಅವತ್ತು ಮಳೆ ಬಿಟ್ಟು ಬಿಸಿಲು ಬಂದಿತ್ತು. ಭತ್ತದ ಬೀಜ ಒಣಗಿಸಿ ಇಡುವ ಅಭ್ಯಾಸದಿಂದ ಅಂಗಳದಲ್ಲಿ ಹರವಿದೆವು. ಆಮೇಲೆ ಚೀಲ ಕಟ್ಟಿ ಅಟ್ಟದ ಮೇಲೆ ಇಟ್ಟೆವು. ಮೂರು ವಾರ ಬಿಟ್ಟು ಹಾಕಿದಾಗ ಒಂದೇ ಒಂದು ಸಸಿ ಬರಲಿಲ್ಲ. ಅತ್ತೆ ಬೈಯಲಿಲ್ಲ. 'ಅದು ಹಸಿ ಬೀಜ. ಒಣಗಿದರೆ ಹೋಯಿತು' ಅಂದರು ಅಷ್ಟೇ. ನಾವು ಅವರನ್ನು ಮೊದಲು ಕೇಳಬೇಕಿತ್ತು.

ಆ ಎರಡು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು: ನರ್ಸರಿ ಕೆಲಸದಲ್ಲಿ ಕೊಟ್ಟೆ ತುಂಬುವುದು, ನೀರು ಹಾಕುವುದು ಆಮೇಲಿನ ಮಾತು. ಯಾವ ಬೀಜ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದು ಮೊದಲು ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದರೆ ಎಲ್ಲರಿಗೂ ಸುಲಭವಾಗಿ ಬರುವ ನಾಲ್ಕೇ ಜಾತಿ ನಮಗೂ ಬರುತ್ತವೆ. ಅಕೇಶಿಯಾ ಬೀಜವನ್ನು ಬಿಸಿನೀರಿಗೆ ಹಾಕಿ ತೆಗೆದು ಬಿತ್ತಿದರೆ ಬೇಗ ಮೊಳೆಯುತ್ತದೆ. 1980ರ ದಶಕದಿಂದ ನಮ್ಮ ಜಿಲ್ಲೆಯ ಗುಡ್ಡಗಳಲ್ಲೆಲ್ಲ ಅದೇ ತುಂಬಲು ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಈಗ ನಮ್ಮ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಬ್ಬದ ಜೊತೆ ಬೀಜವೂ ಬರೆದಿರುತ್ತದೆ. ಚಳಿಗಾಲದಲ್ಲಿ ತಾರೆ, ಅಳಲೆ, ನೆಲ್ಲಿ. ಬೇಸಿಗೆ ಶುರುವಾಗುವಾಗ ಹೊನ್ನೆ, ಮತ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು (ಕೋಕಂ). ಮಳೆ ಹತ್ತಿರ ಬಂದಂತೆ ಹಲಸು, ಹೆಬ್ಬಲಸು, ನೇರಳೆ, ಧೂಪ ಎಲ್ಲ ಒಟ್ಟಿಗೇ ಬಂದು ಕೈ ಸೋತುಹೋಗುತ್ತದೆ. ಈ ಕೊನೆಯ ಗುಂಪಿನ ಬೀಜಗಳನ್ನು ಇವತ್ತು ತಂದರೆ ನಾಳೆಯೊಳಗೆ ಮಣ್ಣಿಗೆ ಹಾಕುತ್ತೇವೆ. ಆಗದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಇಡುತ್ತೇವೆ. ಕಾಡು ಜಾಯಿಕಾಯಿ ಜಾತಿಯ ರಾಮಪತ್ರೆಯೂ ಹೀಗೇ.

ಗಟ್ಟಿ ಬೀಜಗಳ ಕತೆ ಬೇರೆ. ತಾರೆ, ಅಳಲೆಗಳನ್ನು ಸಗಣಿ ನೀರಿನಲ್ಲಿ ನೆನೆಸುತ್ತೇವೆ. ಅಂಟುವಾಳವನ್ನು ಕಲ್ಲಿಗೆ ತಿಕ್ಕಿ ಆಮೇಲೆ ನೆನೆಸಬೇಕು. ಹೊನ್ನೆಯ ಬಿಲ್ಲೆಯಂಥ ಕಾಯಿಯ ಸುತ್ತಲಿನ ರೆಕ್ಕೆ ಕತ್ತರಿಸುತ್ತೇವೆ. ನೆಲ್ಲಿ ನೋಡಲು ನನಗೆ ತುಂಬ ಇಷ್ಟ. ತಿರುಳು ತೆಗೆದ ಗೊರಟನ್ನು ಬಿಸಿಲಿಗೆ ಇಟ್ಟರೆ ತಾನೇ ಒಡೆದು ಸಣ್ಣ ಬೀಜಗಳು ಸಿಡಿಯುತ್ತವೆ. ಮೇಲೆ ತೆಳು ಬಟ್ಟೆ ಹೊದಿಸದಿದ್ದರೆ ಅಂಗಳದ ತುಂಬ ಹುಡುಕಬೇಕಾಗುತ್ತದೆ.

ಬೀಜ ಎಲ್ಲಿಂದ ತರಬೇಕು ಎನ್ನುವುದೂ ಅಷ್ಟೇ ಮುಖ್ಯ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದೆ ನಾನು ಈ ವಿಷಯ ಹೇಳಲಾರೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವನವಿಡೀ ದುಡಿದವರು. ಶಾಲೆಗೆ ಹೋಗದಿದ್ದರೂ ಯಾವ ಜಾತಿಯ ತಾಯಿಮರ ಎಲ್ಲಿದೆ, ಅದರ ಬೀಜ ಯಾವಾಗ ಆರಿಸಬೇಕು ಎಂದು ಬಲ್ಲವರು. ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ಹೋದ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಾವೂ ತಾಯಿಮರಗಳನ್ನು ಗುರುತು ಮಾಡಿ ಇಟ್ಟಿದ್ದೇವೆ. ಒಂದೇ ಮರದ ಬೀಜ ಹಾಕಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳಾಗುತ್ತವೆ. ಅದಕ್ಕೇ ದೂರ ದೂರದ ಹತ್ತು ಮರಗಳಿಂದಾದರೂ ತಂದು ಬೆರೆಸುತ್ತೇವೆ. ಪೂರ್ತಿ ಗುಡಿಸಿ ತರುವುದಿಲ್ಲ. ಹಕ್ಕಿಗೆ, ಅಳಿಲಿಗೆ, ಮರದ ಬುಡಕ್ಕೂ ಬಿಡಬೇಕು. ಮಂಗಟ್ಟೆ ಹಕ್ಕಿ ಗೂಡು ಮಾಡಿದ ಮರದ ಕೆಳಗೆ ರಾಮಪತ್ರೆ ಬೀಜ ಸಿಗುತ್ತದೆ. ಆದರೆ ಮರಿ ಹೊರಗೆ ಬರುವವರೆಗೆ ಅಲ್ಲಿಗೆ ನಾವು ಹೋಗುವುದಿಲ್ಲ.

ಕೊಟ್ಟೆಗೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆ ಕೊಟ್ಟಿಗೆ ಗೊಬ್ಬರ. ಜೊತೆಗೆ ಅದೇ ಜಾತಿಯ ದೊಡ್ಡ ಮರದ ಬುಡದ ಮಣ್ಣು ಒಂದೊಂದು ಹಿಡಿ. ಬೇರಿಗೆ ಸಹಾಯ ಮಾಡುವ ಶಿಲೀಂಧ್ರ ಅದರಲ್ಲಿರುತ್ತದೆ. ಚಪ್ಪರಕ್ಕೆ ಅಡಿಕೆ ಸೋಗೆ ಹೊದಿಸುತ್ತೇವೆ. ನಿಧಾನ ಬೆಳೆಯುವ ಜಾತಿಗೆ ಸಣ್ಣ ಕೊಟ್ಟೆ ಬೇಡವೇ ಬೇಡ. ಎರಡನೇ ಮಳೆಗಾಲಕ್ಕೆ ಬೇರು ತಳದಲ್ಲಿ ಸುರುಳಿ ಸುತ್ತಿರುತ್ತದೆ. ಅಂಥ ಸಸಿ ನೆಟ್ಟ ಮೇಲೆ ಬದುಕಿದರೂ ನೆಟ್ಟಗೆ ನಿಲ್ಲುವುದಿಲ್ಲ. 8 ಇಂಚು ಅಗಲ, 12 ಇಂಚು ಎತ್ತರದ ಕೊಟ್ಟೆಗೆ ಖರ್ಚು ಜಾಸ್ತಿ, ಹೊರುವುದೂ ಕಷ್ಟ. ಆದರೂ ಧೂಪ, ರಾಮಪತ್ರೆಗೆ ಅದೇ ಬೇಕು.

ನೆಡುವಾಗಲೂ ಒಂದು ನಷ್ಟ ಮಾಡಿಕೊಂಡೆವು. ಬೋಳು ಗುಡ್ಡದಲ್ಲಿ ಧೂಪ ನೆಟ್ಟೆವು. ಮಳೆಗಾಲ ಪೂರ್ತಿ ಚೆನ್ನಾಗಿದ್ದವು, ಮಾರ್ಚ್ ಬಿಸಿಲಿಗೆ ಸುಟ್ಟುಹೋದವು. ನೆರಳಲ್ಲಿ ಹುಟ್ಟುವ ಮರ ಅದು. ಈಗ ಬಯಲಿಗೆ ಚಂದಕಲು, ನೇರಳೆ, ಮತ್ತಿ, ಹೊನ್ನೆ ಹೋಗುತ್ತವೆ. ಧೂಪ, ಉಪ್ಪಾಗೆಗಳನ್ನು ಹಳೆ ಅಕೇಶಿಯಾ ತೋಪಿನ ಅಡಿಗೇ ನೆಡುತ್ತೇವೆ. ನಾವು ಬೈಯುತ್ತಿದ್ದ ಅಕೇಶಿಯಾದ ನೆರಳೇ ಈಗ ನಮ್ಮ ಸಸಿ ಕಾಯುತ್ತಿದೆ.

ಮುರುಗಲು ಸಸಿ ಒಯ್ದವರು ಕೆಲವರು ಏಳೆಂಟು ವರ್ಷ ಬಿಟ್ಟು ಬಂದು, 'ಅಕ್ಕ, ನೀವು ಕೊಟ್ಟದ್ದು ಗಂಡು ಮರ, ಕಾಯೇ ಇಲ್ಲ' ಎಂದು ಬೇಸರ ಮಾಡಿಕೊಳ್ಳುತ್ತಾರೆ. ಮುರುಗಲಿನಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಹೂವು ಬಿಡುವವರೆಗೆ ತಿಳಿಯುವುದಿಲ್ಲ. ತೋಟಕ್ಕೆ ಹೆಣ್ಣು ಮರದಿಂದ ಮಾಡಿದ ಕಸಿ ಗಿಡ ಒಯ್ಯಿರಿ, ಬೆಟ್ಟಕ್ಕೆ ಮಾತ್ರ ಬೀಜದ ಸಸಿಯೇ ಬೇಕು ಎಂದು ಈಗ ಮೊದಲೇ ಹೇಳುತ್ತೇನೆ. ಗಂಡು ಮರ ಇಲ್ಲದಿದ್ದರೆ ಬೆಟ್ಟದಲ್ಲಿ ಹೆಣ್ಣು ಮರ ಕಾಯಿ ಬಿಡುವುದಾದರೂ ಹೇಗೆ?

ನಂದಿ ಮರ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಬೀಜ ತೀರಾ ಸಣ್ಣದು. ಕಾಯಿ ಒಡೆಯುವ ಮೊದಲೇ ಕೊಂಬೆಯಿಂದ ತೆಗೆಯಬೇಕು, ತೆಗೆದರೂ ಬಹಳಷ್ಟು ಜೊಳ್ಳು. ಹೋದ ವರ್ಷ ಒಂದು ಬೊಗಸೆ ಬೀಜಕ್ಕೆ ಹದಿನಾಲ್ಕು ಸಸಿ ಬಂದವು. ಅತ್ತೆಗೆ ಈಗ ಬೆಟ್ಟ ಹತ್ತಲು ಆಗುವುದಿಲ್ಲ. ಕೊಂಬೆ ತಂದು ಜಗುಲಿಯಲ್ಲಿ ಅವರ ಎದುರು ಇಡುತ್ತೇವೆ. ಕಾಯಿ ಅದುಮಿ ನೋಡಿ, 'ಇನ್ನೂ ಹದಿನೈದು ದಿನ ಬಿಡಿ' ಅನ್ನುತ್ತಾರೆ.