ಬೇರುನಾಳದ ಕ್ಯಾಂಡಿಡಾಗೆ ಯಾವ ಪೇಸ್ಟ್? ತಟ್ಟೆಯಲ್ಲೂ ನೋಡಿ, ಹಲ್ಲಿನಲ್ಲೂ ನೋಡಿ

"ಮೇಡಂ, ಯಾವ ಪೇಸ್ಟಿಗೆ ದೊಡ್ಡ ಝೋನ್ ಬರುತ್ತೆ?" ಥೀಸಿಸ್ ಶುರು ಮಾಡುವ ಪಿಜಿ ಮಕ್ಕಳು ನನ್ನ ಲ್ಯಾಬಿಗೆ ಬಂದು ಮೊದಲು ಕೇಳುವುದು ಇದನ್ನೇ. ಝೋನ್ ಎಂದರೆ ತಟ್ಟೆಯಲ್ಲಿ ಪೇಸ್ಟಿನ ಸುತ್ತ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯದೆ ಉಳಿಯುವ ಖಾಲಿ ವೃತ್ತ. ಅದೊಂದನ್ನೇ ನಂಬಿ ಪೇಸ್ಟುಗಳಿಗೆ ಅಂಕ ಕೊಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಲಿಸಲು ನಾಲ್ಕು ಪೇಸ್ಟ್ ಸಾಕು: ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಶೇ 2ರ ಕ್ಲೋರ್‌ಹೆಕ್ಸಿಡಿನ್ ಜೆಲ್, ಟ್ರಿಪಲ್ ಆಂಟಿಬಯೋಟಿಕ್ ಪೇಸ್ಟ್, ಶೇ 1ರ ಕ್ಲೋಟ್ರಿಮಜೋಲ್. ಜೊತೆಗೆ ಔಷಧಿಯಿಲ್ಲದ ಬರೀ ಪ್ರೊಪಿಲೀನ್ ಗ್ಲೈಕಾಲ್ ಇರಲೇಬೇಕು, ಪುಡಿಗಳನ್ನು ಕಲಸುವುದು ಅದರಲ್ಲೇ ತಾನೆ. ಟ್ರಿಪಲ್ ಪೇಸ್ಟಿನ ಸಿಪ್ರೊಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್, ಮಿನೊಸೈಕ್ಲಿನ್ ಮೂರೂ ಬ್ಯಾಕ್ಟೀರಿಯಾಗೆಂದೇ ಇರುವವು. ಶಿಲೀಂಧ್ರಕ್ಕೆ ಅವನ್ನು ನೆಚ್ಚಿಕೊಳ್ಳಬೇಡಿ.

ಸಾಬುರೋ ಅಗರ್ (ಶಿಲೀಂಧ್ರ ಬೆಳೆಸುವ ಗಟ್ಟಿ ಆಹಾರ) ತುಂಬಿದ ತಟ್ಟೆಯ ಮೇಲೆ ಕ್ಯಾಂಡಿಡಾ ಅಲ್ಬಿಕಾನ್ಸ್ ಹಚ್ಚಿ, 6 ಮಿ.ಮೀ. ಗುಳಿ ಕೊರೆದು ಪೇಸ್ಟ್ ತುಂಬಿ, 37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಡಿ. ಹಚ್ಚುವ ದ್ರವದ ಮಬ್ಬನ್ನು ಅಳೆಯುವ ಮಾಪಕದಲ್ಲಿ 0.5 ಮ್ಯಾಕ್‌ಫರ್ಲ್ಯಾಂಡ್ ಎಂದ ಕೂಡಲೇ ಮಿ.ಲೀ.ಗೆ 1.5×10⁸ ಕೋಶ ಎಂದು ಬರೆದುಬಿಡುತ್ತಾರೆ. ಅದು ಬ್ಯಾಕ್ಟೀರಿಯಾ ಲೆಕ್ಕ. ಕ್ಯಾಂಡಿಡಾ ಯೀಸ್ಟ್, ಅದರ ಕೋಶ ದಪ್ಪ, ಅದೇ ಮಬ್ಬಿಗೆ ಮಿ.ಲೀ.ಗೆ 1ರಿಂದ 5×10⁶ ಮಾತ್ರ. ಹೆಸರನ್ನು ತಟ್ಟೆಯ ತಳಕ್ಕೇ ಬರೆಯಿರಿ. ನಾನೊಮ್ಮೆ ಮುಚ್ಚಳದ ಮೇಲೆ ಬರೆದಿದ್ದೆ. ಅಳೆಯುವಾಗ ಎರಡು ಮುಚ್ಚಳ ಅದಲುಬದಲಾಗಿ, ಇಡೀ ಸೆಟ್ ಮತ್ತೆ ಮಾಡಬೇಕಾಯಿತು.

ಈಗ ನೋಡಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗುಳಿಯ ಸುತ್ತ ಝೋನ್ ಸಣ್ಣದು, ಕೆಲವೊಮ್ಮೆ ಇಲ್ಲವೇ ಇಲ್ಲ. ಅದು ನೀರಿನಲ್ಲಿ ಕರಗುವುದೇ ಕಡಿಮೆ, ಅಗರ್ ಒಳಗೆ ಹರಿಯುವುದಿಲ್ಲ. ಅಂದರೆ ತಟ್ಟೆ ಅಳೆದದ್ದು ಹರಿವನ್ನು, ಕೊಲ್ಲುವ ಶಕ್ತಿಯನ್ನಲ್ಲ. ಹಾಗೆಂದು ಅದನ್ನು ಗೆಲ್ಲಿಸಲೂ ಬೇಡಿ: ಅದರ ಪಿಎಚ್ 12.5ರ ಹತ್ತಿರವಿದ್ದರೂ ಹಲ್ಲಿನ ಒಳಪದರವಾದ ಡೆಂಟಿನ್ ಆ ಕ್ಷಾರವನ್ನು ತಗ್ಗಿಸುತ್ತದೆ, ಕ್ಯಾಂಡಿಡಾ ಕ್ಷಾರವನ್ನು ತಾಳಿಕೊಳ್ಳುವ ಜೀವಿ.

ಆದ್ದರಿಂದಲೇ ಹಲ್ಲು ಬೇಕು. ಕಿತ್ತ ಒಂದೇ ಬೇರಿನ ಹಲ್ಲುಗಳ ತಲೆ ಕತ್ತರಿಸಿ, ನಾಳವನ್ನು 3ನೇ ನಂಬರಿನ ಗೇಟ್ಸ್ ಗ್ಲಿಡನ್ ಡ್ರಿಲ್‌ನಿಂದ ಹಿಗ್ಗಿಸಿ, ಶೇ 17ರ ಇಡಿಟಿಎ ಮತ್ತು ಹೈಪೊಕ್ಲೋರೈಟ್‌ನಿಂದ ಸ್ಮಿಯರ್ ಲೇಯರ್ (ಕೊರೆದಾಗ ಗೋಡೆಗೆ ಮೆತ್ತುವ ಪುಡಿಯ ಪದರ) ತೆಗೆಯಿರಿ. ಚೆನ್ನಾಗಿ ತೊಳೆದು ಆಟೊಕ್ಲೇವ್ ಮಾಡಿ, 21 ದಿನ ಕ್ಯಾಂಡಿಡಾ ಬೆಳೆಸಿ. ಎರಡು ದಿನಕ್ಕೊಮ್ಮೆ ಹೊಸ ಬ್ರಾತ್, ಅಂದರೆ ಅದು ಬೆಳೆಯುವ ದ್ರವ ಆಹಾರ. ಆಮೇಲೆ ಪೇಸ್ಟ್ ತುಂಬಿ 7 ದಿನ. ಕೆಲವು ಹಲ್ಲುಗಳಿಗೆ ಪೇಸ್ಟ್ ಹಾಕದೆ ಬಿಡಿ.

ಪೇಸ್ಟ್ ತೊಳೆದ ಮೇಲೆ ನಾಳದಲ್ಲಿ ಉಳಿದ ಔಷಧಿ ಬ್ರಾತಿನಲ್ಲೂ ಕೊಲ್ಲುತ್ತಲೇ ಇರುತ್ತದೆ. ಕ್ಲೋರ್‌ಹೆಕ್ಸಿಡಿನ್ ಸುಳ್ಳು ಗೆಲುವು ಪಡೆಯುವುದು ಇಲ್ಲೇ. ಕ್ಲೋರ್‌ಹೆಕ್ಸಿಡಿನ್‌ಗೆ ಟ್ವೀನ್ 80 ಮತ್ತು ಲೆಸಿಥಿನ್, ಕ್ಯಾಲ್ಸಿಯಂ ಹೈಡ್ರಾಕ್ಸೈಡಿಗೆ ಸಿಟ್ರಿಕ್ ಆಸಿಡ್ ಹಾಕಿ ನಿಲ್ಲಿಸಿ. ನಂತರ 5ನೇ ನಂಬರಿನ ಡ್ರಿಲ್ ಇಳಿಸಿದರೆ ಗೋಡೆಯ 200 ಮೈಕ್ರಾನ್ ಡೆಂಟಿನ್ ಪುಡಿಯಾಗಿ ಬರುತ್ತದೆ. ಆ ಪುಡಿಯನ್ನು ತೂಗಿ, ಬ್ರಾತಿನಲ್ಲಿ ಕಲಕಿ, ತಟ್ಟೆಗೆ ಹರಡಿ ಕಾಲೊನಿ ಎಣಿಸಿ. ಪೇಸ್ಟ್ ಹಾಕದ ಹಲ್ಲಿನ ತಟ್ಟೆಯನ್ನೇ ಮೊದಲು ತೆಗೆಯಿರಿ. ಅದರಲ್ಲಿ ಕಾಲೊನಿ ಎದ್ದಿಲ್ಲದಿದ್ದರೆ ಉಳಿದವನ್ನು ಎಣಿಸುವ ಗೋಜಿಗೇ ಹೋಗಬೇಡಿ.