ಗ್ರೀನ್ ಕಾರ್ಡ್ ಸರದಿ: ಮನವಿಯನ್ನು ಯಾರಿಗೆ, ಹೇಗೆ ಸಲ್ಲಿಸಬೇಕು?

ವಿರಾಜಪೇಟೆಯಿರಲಿ, ಸೋಮವಾರಪೇಟೆಯಿರಲಿ, ಮಕ್ಕಳು ಅಮೆರಿಕದಲ್ಲಿರುವ ಕೊಡಗಿನ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದಿದೆ: ನಮ್ಮ ಸಂಸದರಿಗೆ ಒಂದು ಮನವಿ ಕೊಟ್ಟರೆ ಮಗನ ಗ್ರೀನ್ ಕಾರ್ಡ್ ಬೇಗ ಆಗುವುದಿಲ್ಲವೇ? ಆಗುವುದಿಲ್ಲ. ಮೈಸೂರು–ಕೊಡಗು ಕ್ಷೇತ್ರದ ಸಂಸದರಾಗಲಿ, ದೆಹಲಿಯ ವಿದೇಶಾಂಗ ಸಚಿವಾಲಯವಾಗಲಿ, ಚೆನ್ನೈನಲ್ಲಿರುವ ಅಮೆರಿಕದ ಕಾನ್ಸುಲೇಟ್ ಆಗಲಿ ಈ ಸರದಿಯನ್ನು ಒಂದು ದಿನವೂ ಮುಂದೆ ಸರಿಸಲಾರರು. ಸರದಿ ಹುಟ್ಟಿದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನಿನಿಂದ. ಅದನ್ನು ಸಡಿಲಿಸಬೇಕಾದದ್ದೂ ಅಲ್ಲಿಯೇ. ಆದ್ದರಿಂದ ಮನವಿಯ ವಿಳಾಸ ಸರಿಯಾಗಿರುವುದೇ ಅರ್ಧ ಕೆಲಸ.

ಮೊದಲ ಹೆಜ್ಜೆ: ವಿಳಂಬ ಯಾವ ಬಗೆಯದೆಂದು ತಿಳಿಯಿರಿ

ಉದ್ಯೋಗದಾತ ಕಂಪನಿ ಸಲ್ಲಿಸಿದ ಐ-140 ಅರ್ಜಿಯ ಮಂಜೂರಾತಿ ಪತ್ರದಲ್ಲಿ ‘ಪ್ರಯಾರಿಟಿ ಡೇಟ್’, ಅಂದರೆ ಸರದಿಯಲ್ಲಿ ನಿಮ್ಮ ಸ್ಥಾನವನ್ನು ಗುರುತಿಸುವ ದಿನಾಂಕ, ನಮೂದಾಗಿರುತ್ತದೆ. ಅದನ್ನು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ವೀಸಾ ಬುಲೆಟಿನ್‌ನಲ್ಲಿ ಭಾರತಕ್ಕೆ ಮೀಸಲಾದ ಅಂಕಣದೊಂದಿಗೆ ಹೋಲಿಸಿ ನೋಡಬೇಕು. ನಿಮ್ಮ ದಿನಾಂಕ ಅಲ್ಲಿರುವ ದಿನಾಂಕಕ್ಕಿಂತ ಈಚಿನದಾಗಿದ್ದರೆ, ಕಾದಿರುವುದು ಕಾನೂನಿನ ಮಿತಿಗಾಗಿ. ಸರದಿ ಬಂದು, ಅರ್ಜಿ ಸಲ್ಲಿಕೆಯಾಗಿ, ಉತ್ತರ ಮಾತ್ರ ಬಾರದಿದ್ದರೆ ಅದು ಕಚೇರಿಯ ವಿಳಂಬ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಮಿತಿಯ ಲೆಕ್ಕ ಹೀಗಿದೆ. 1990ರ ಕಾನೂನು ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ನಿಗದಿಪಡಿಸಿತು. ಪತಿ, ಪತ್ನಿ, ಮಕ್ಕಳೂ ಅದೇ ಲೆಕ್ಕಕ್ಕೆ ಸೇರುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ಭಾರತಕ್ಕೂ ಐಸ್‌ಲ್ಯಾಂಡಿಗೂ ಮಿತಿ ಒಂದೇ. ಹೀಗಾಗಿಯೇ ಇಬಿ-2 (ಉನ್ನತ ಪದವಿ ಪಡೆದವರು) ಮತ್ತು ಇಬಿ-3 (ಪದವೀಧರರು, ಕುಶಲ ಕೆಲಸಗಾರರು) ಎಂಬ ಉದ್ಯೋಗ ವರ್ಗಗಳ ಭಾರತೀಯರು ದಶಕಕ್ಕೂ ಮೀರಿ ಕಾಯುತ್ತಿದ್ದಾರೆ. ಅಮೆರಿಕದ ಪೌರರು ತಮ್ಮ ಒಡಹುಟ್ಟಿದವರಿಗಾಗಿ ಸಲ್ಲಿಸುವ ಅರ್ಜಿಯದ್ದೂ ಸುಮಾರು ಎರಡು ದಶಕಗಳ ಕಥೆ. ಆದರೆ ಮಗ ಅಥವಾ ಮಗಳು ಅಲ್ಲಿನ ಪೌರತ್ವ ಪಡೆದಿದ್ದು 21 ವರ್ಷ ದಾಟಿದ್ದರೆ, ತಂದೆತಾಯಿಯರ ಅರ್ಜಿಗೆ ಈ ಸಂಖ್ಯಾಮಿತಿ ಅನ್ವಯಿಸುವುದೇ ಇಲ್ಲ.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ: ಸರದಿಯನ್ನು ನಿರ್ಧರಿಸುವುದು ಪೌರತ್ವವಲ್ಲ, ಹುಟ್ಟಿದ ದೇಶ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ಕುಟುಂಬಗಳು ಕೊಡಗಿನಲ್ಲಿಯೂ ಇವೆ. ಸೊಸೆ ಕುವೈತಿನಲ್ಲೋ ದುಬೈಯಲ್ಲೋ ಹುಟ್ಟಿದವಳಾಗಿದ್ದರೆ, ಆಕೆಯ ಜನ್ಮದೇಶದ ಲೆಕ್ಕದಲ್ಲಿ ಗಂಡನ ಅರ್ಜಿಯನ್ನೂ ಪರಿಗಣಿಸುವಂತೆ ಕೋರಬಹುದು. ಯಾವುದೇ ಮನವಿ ಬರೆಯುವ ಮೊದಲು ಇದನ್ನು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು.

ಎರಡನೆಯ ಹೆಜ್ಜೆ: ಕಚೇರಿಯ ವಿಳಂಬವಾದರೆ

ಅಮೆರಿಕದ ವಲಸೆ ಸೇವಾ ಇಲಾಖೆ ಪ್ರಕಟಿಸುವ ಸಾಮಾನ್ಯ ಅವಧಿ ಮೀರಿದ ಮೇಲೆ ಮೊದಲು ಇಲಾಖೆಗೇ ವಿಚಾರಣೆ ಸಲ್ಲಿಸಬೇಕು. ಪ್ರಯೋಜನವಾಗದಿದ್ದರೆ ಅರ್ಜಿದಾರರು ವಾಸಿಸುವ ಕ್ಷೇತ್ರದ ಜನಪ್ರತಿನಿಧಿಯ ಅಥವಾ ಆ ರಾಜ್ಯದ ಇಬ್ಬರು ಸೆನೆಟರುಗಳಲ್ಲಿ ಒಬ್ಬರ ಕಚೇರಿಯನ್ನು ಸಂಪರ್ಕಿಸಬಹುದು, ಇದಕ್ಕೆ ಮತದಾರರಾಗಿರಬೇಕಾಗಿಲ್ಲ. ತಮ್ಮ ಕಡತದ ಮಾಹಿತಿ ಹಂಚಿಕೊಳ್ಳಲು ಅರ್ಜಿದಾರರು ಸಹಿ ಮಾಡಿದ ಒಪ್ಪಿಗೆ ಪತ್ರ ಕಡ್ಡಾಯ. ಆ ಕಚೇರಿ ಇಲಾಖೆಯನ್ನು ವಿಚಾರಿಸಬಲ್ಲದೇ ಹೊರತು ತೀರ್ಪನ್ನು ಬದಲಿಸಲಾರದು. ಕೊನೆಯ ದಾರಿ ಫೆಡರಲ್ ಜಿಲ್ಲಾ ನ್ಯಾಯಾಲಯ; ಅದು ಸಹ ‘ನಿರ್ಧಾರ ಕೈಗೊಳ್ಳಿ’ ಎಂದೀತು, ‘ಮಂಜೂರು ಮಾಡಿ’ ಎನ್ನದು.

ಮೂರನೆಯ ಹೆಜ್ಜೆ: ಕಾನೂನಿನ ಮಿತಿಯಾದರೆ ಬೇಡಿಕೆ ಒಂದನ್ನೇ ಆರಿಸಿ

ಚಾಲ್ತಿಯಲ್ಲಿರುವ ಬೇಡಿಕೆಗಳು ಮುಖ್ಯವಾಗಿ ನಾಲ್ಕು: ದೇಶವಾರು ಮಿತಿ ತೆಗೆಯುವುದು, ಕುಟುಂಬದವರನ್ನು ಲೆಕ್ಕದಿಂದ ಹೊರಗಿಡುವುದು, ಹಿಂದಿನ ವರ್ಷಗಳಲ್ಲಿ ಬಳಕೆಯಾಗದೆ ಹೋದ ಸಂಖ್ಯೆಗಳನ್ನು ಮರಳಿ ಕೊಡುವುದು, 21 ತುಂಬಿದೊಡನೆ ತಂದೆತಾಯಿಯರ ಅರ್ಜಿಯಿಂದ ಹೊರಬೀಳುವ ಮಕ್ಕಳನ್ನು ರಕ್ಷಿಸುವುದು. ಮೊದಲನೆಯದು ದಡದ ತೀರಾ ಸಮೀಪಕ್ಕೆ ಬಂದಿತ್ತು. 2019ರ ಜುಲೈನಲ್ಲಿ ಕೆಳಮನೆ 365–65 ಮತಗಳಿಂದ ಅದಕ್ಕೆ ಒಪ್ಪಿಗೆ ನೀಡಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೊಂದು ರೂಪದಲ್ಲಿ ಅಂಗೀಕರಿಸಿತು. ಎರಡು ರೂಪಗಳು ಒಂದಾಗುವ ಮೊದಲೇ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. 2022ರ ಡಿಸೆಂಬರ್‌ನಲ್ಲಿ ಅದೇ ಬಗೆಯ ಇನ್ನೊಂದು ಮಸೂದೆಯನ್ನು ಮತಕ್ಕೆ ಹಾಕದೆಯೇ ಹಿಂದಕ್ಕೆ ಪಡೆಯಲಾಯಿತು. ಮಿತಿ ತೆಗೆದರೆ ಬೇರೆ ದೇಶದವರ ಕಾಯುವಿಕೆ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಟ್ಟು ಸಂಖ್ಯೆ ಏರದಿದ್ದರೆ ಆಗುವುದು ಅದೇ. ಈ ಕಾರಣದಿಂದ, ಮಕ್ಕಳ ರಕ್ಷಣೆಯ ಬೇಡಿಕೆಗೆ ಎರಡೂ ಪಕ್ಷಗಳಲ್ಲಿ ಹೆಚ್ಚು ಕಿವಿ ಸಿಗಬಹುದೆಂದು ನನಗೆ ತೋರುತ್ತದೆ.

ನಾಲ್ಕನೆಯ ಹೆಜ್ಜೆ: ಪತ್ರ

ಅಲ್ಲಿನ ಜನಪ್ರತಿನಿಧಿಗೋ ಸೆನೆಟರಿಗೋ ಬರೆಯುವ ಪತ್ರ ಒಂದು ಪುಟ ಮೀರಬಾರದು. ಆರಂಭದಲ್ಲಿ ತಾವು ಆ ಕ್ಷೇತ್ರದ ನಿವಾಸಿ ಎಂಬುದೂ, ಬಳಿಕ ಉದ್ಯೋಗ, ಐ-140 ಮಂಜೂರಾದ ವರ್ಷ, ಮಕ್ಕಳ ವಯಸ್ಸು, ಕೊನೆಗೆ ಮಸೂದೆಯ ಸಂಖ್ಯೆ ಮತ್ತು ಆ ಪ್ರತಿನಿಧಿ ಮಾಡಬೇಕಾದ ಕೆಲಸವೂ ಸ್ಪಷ್ಟವಾಗಿರಬೇಕು. ನೂರು ಮಂದಿ ನಕಲು ಮಾಡಿದ ಒಂದೇ ಪತ್ರ ಎಣಿಕೆಗಷ್ಟೇ ಒದಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದವರಿಗೆ ಊರಿಗೆ ಬಂದರೆ ಹೊಸ ಮುದ್ರೆ ಸಿಗುವವರೆಗೆ ಹಿಂತಿರುಗಲಾಗದ ಅಪಾಯವಿತ್ತು. ಅಂಥ ಸಂದರ್ಭವನ್ನು ತಾವು ನಿಜವಾಗಿ ಎದುರಿಸಿದ್ದರೆ ಮೂರು ವಾಕ್ಯಗಳಲ್ಲಿ ಹೇಳಬೇಕು, ಇಲ್ಲದ್ದನ್ನು ಸೇರಿಸಬಾರದು.

ಮಡಿಕೇರಿಯಿಂದ ತಂದೆತಾಯಿ ನೇರವಾಗಿ ಬರೆದರೆ ಉತ್ತರ ಬರುವುದು ವಿರಳ, ಏಕೆಂದರೆ ಆ ಕಚೇರಿಗಳು ತಮ್ಮ ಕ್ಷೇತ್ರದವರಿಗಷ್ಟೇ ಉತ್ತರಿಸುವುದು ರೂಢಿ. ಅವರ ಮಾತನ್ನು ಮಗನ ಪತ್ರಕ್ಕೆ ಲಗತ್ತಿಸಬಹುದು. ಅದಕ್ಕಿಂತ ಹೆಚ್ಚು ತೂಕವಿರುವುದು ಮತ ಹಾಕುವವರ ಸಹಿಗೆ: ಕಂಪನಿಯ ಮೇಲಧಿಕಾರಿ, ನೆರೆಮನೆಯವರು, ಕೊಡವ ಕೂಟ ಅಥವಾ ಕನ್ನಡ ಕೂಟದಲ್ಲಿರುವ ಅಮೆರಿಕನ್ ಪೌರರು. ಆಗಸ್ಟ್‌ನ ಅಧಿವೇಶನ ವಿರಾಮದಲ್ಲಿ ಜನಪ್ರತಿನಿಧಿಗಳು ಸಾಮಾನ್ಯವಾಗಿ ತಮ್ಮ ಕ್ಷೇತ್ರದಲ್ಲಿರುವುದರಿಂದ ಭೇಟಿಗೆ ಅದು ಒಳ್ಳೆಯ ಸಮಯ.

ಎರಡು ಎಚ್ಚರಿಕೆಗಳು. ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾದಲ್ಲಿರುವವರು ಮನವಿ ಸಲ್ಲಿಸಬಹುದು, ಸಭೆ ಸೇರಬಹುದು. ಆದರೆ ಅಲ್ಲಿನ ಚುನಾವಣಾ ನಿಧಿಗೆ ಒಂದು ಡಾಲರ್ ಕೊಡುವುದನ್ನೂ ಕಾನೂನು ನಿಷೇಧಿಸುತ್ತದೆ. ಹಣ ಕೊಟ್ಟರೆ ಸರದಿ ಮುಂದಕ್ಕೆ ತರುತ್ತೇವೆ ಎನ್ನುವ ಏಜೆಂಟರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಊರಿನಲ್ಲಿರುವವರ ಪಾಲಿನ ಕೆಲಸ ದಾಖಲೆಗಳದು. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಪಾಸ್‌ಪೋರ್ಟ್‌ಗಳಲ್ಲಿ ಮನೆಹೆಸರು ಒಂದೆಡೆ ಮೊದಲು, ಇನ್ನೊಂದೆಡೆ ಕೊನೆಗೆ, ಮತ್ತೊಂದೆಡೆ ಬರೀ ಇನಿಷಿಯಲ್ ಆಗಿರುವುದು ಕೊಡಗಿನಲ್ಲಿ ಸಾಮಾನ್ಯ. ಸರದಿ ಬಂದ ತಿಂಗಳಲ್ಲಿ ತಾಲ್ಲೂಕು ಕಚೇರಿಗೆ ಓಡುವ ಬದಲು ಈಗಲೇ ಸರಿಪಡಿಸಿಕೊಂಡರೆ, ಬುಲೆಟಿನ್ ದಿನಾಂಕ ಮತ್ತೆ ಹಿಂದೆ ಸರಿಯುವ ಮೊದಲು ಅರ್ಜಿ ಸಲ್ಲಿಸಲು ಸಾಧ್ಯವಾಗುತ್ತದೆ.

ಕಳುಹಿಸಿದ ಪತ್ರದ ಪ್ರತಿ, ದಿನಾಂಕ, ಉತ್ತರಿಸಿದ ಸಿಬ್ಬಂದಿಯ ಹೆಸರುಗಳನ್ನು ಇಟ್ಟುಕೊಳ್ಳಬೇಕು. ಈಗಿನ 119ನೇ ಕಾಂಗ್ರೆಸ್‌ನ ಅವಧಿ 2027ರ ಜನವರಿ 3ರಂದು ಮುಗಿಯುತ್ತದೆ. ಅಷ್ಟರೊಳಗೆ ಅಂಗೀಕಾರವಾಗದ ಮಸೂದೆಗಳೆಲ್ಲ ಬಿದ್ದುಹೋಗುವುದರಿಂದ, ಹೊಸ ಕಾಂಗ್ರೆಸ್‌ನಲ್ಲಿ ಮಸೂದೆ ಮತ್ತೆ ಮಂಡನೆಯಾದಾಗ ಅದರ ಹೊಸ ಸಂಖ್ಯೆಯನ್ನು ನೋಡಿಕೊಂಡು ಅದೇ ಕಚೇರಿಗೆ ಮತ್ತೊಮ್ಮೆ ಬರೆಯಬೇಕಾಗುತ್ತದೆ.