ಹಸುಗೂಸಿನ ಹಿಮ್ಮಡಿ ಚುಚ್ಚುವ ಮೊದಲು

ಬನಶಂಕರಿ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಬಾಣಂತಿ ವಾರ್ಡಿನಲ್ಲಿ ಕೂಸುಗಳ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಹುಟ್ಟಿ 48 ಗಂಟೆ ದಾಟಿದ ಮೇಲೆ ಥೈರಾಯ್ಡ್ ಮುಂತಾದ ತೊಂದರೆಗಳ ಸ್ಕ್ರೀನಿಂಗ್. ಮೈ ಹಳದಿಯಾದರೆ ಕಾಮಾಲೆ ಎಷ್ಟಿದೆ ಎಂದು ನೋಡುವ ಬಿಲಿರುಬಿನ್ ಟೆಸ್ಟ್. ತಾಯಿಗೆ ಶುಗರ್ ಇದ್ದರೆ ಮಗುವಿಗೂ ಮೊದಲ ಒಂದೆರಡು ದಿನ ಮತ್ತೆ ಮತ್ತೆ ಶುಗರ್ ಟೆಸ್ಟ್. ನಮ್ಮಲ್ಲಿ ಜಾಸ್ತಿ ಚುಚ್ಚಿಸಿಕೊಳ್ಳುವುದು ಈ ಕೊನೆಯ ಗುಂಪಿನ ಮಕ್ಕಳೇ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಕಡೆ ಒಂದೇ ಪದ್ಧತಿ ಇತ್ತು. ಮಗುವನ್ನು ಎತ್ತಿಕೊಂಡು ಪ್ರೊಸೀಜರ್ ರೂಮಿಗೆ ಹೋಗುವುದು, ತಣ್ಣನೆಯ ಟೇಬಲ್ ಮೇಲೆ ಮಲಗಿಸುವುದು, ಕಾಲು ಹಿಡಿದು ಚುಚ್ಚುವುದು. ತಾಯಿ ಬಾಗಿಲ ಹೊರಗೆ ನಿಂತು ಅಳುತ್ತಿರುತ್ತಾಳೆ. ಈಗ ನಾನು ಟ್ರೇ ಹಿಡಿದುಕೊಂಡು ತಾಯಿಯ ಮಂಚದ ಹತ್ತಿರವೇ ಹೋಗುತ್ತೇನೆ. ನೋವು ಕಡಿಮೆ ಮಾಡುವ ಉಪಾಯಗಳು ಹಲವು ಇವೆ. ಆದರೆ ತಾಯಿಯನ್ನು ಹೊರಗೆ ಕಳಿಸಿಬಿಟ್ಟರೆ ಅವುಗಳಲ್ಲಿ ಅರ್ಧಕ್ಕರ್ಧ ಕೈಬಿಟ್ಟು ಹೋಗುತ್ತವೆ.

"ಅಷ್ಟು ಸಣ್ಣ ಮಗುವಿಗೆ ಏನು ಗೊತ್ತಾಗುತ್ತೆ ಬಿಡಿ ಸಿಸ್ಟರ್" ಎನ್ನುವವರು ಇನ್ನೂ ಇದ್ದಾರೆ. ಅವರನ್ನು ಬೈಯುವಂತೆಯೂ ಇಲ್ಲ. 1980ರ ದಶಕದವರೆಗೆ ದೊಡ್ಡ ದೊಡ್ಡ ಡಾಕ್ಟರುಗಳೇ ಹಾಗೆ ನಂಬಿದ್ದರು. ಹಸುಗೂಸುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಆಪರೇಷನ್ ಕೂಡ ಮಾಡುತ್ತಿದ್ದರು. ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್ ಮತ್ತು ಅವರ ಜೊತೆಗಾರರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಪರೇಷನ್ ವೇಳೆ ಒಳ್ಳೆಯ ನೋವು ನಿವಾರಕ ಕೊಟ್ಟರೆ, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ದೇಹಕ್ಕೆ ಆಗುವ ಆಘಾತ ಕಡಿಮೆ ಎಂದು ಅದು ತೋರಿಸಿತು. ಆ ನಂಬಿಕೆ ಅಲ್ಲಿಂದ ಅಲುಗಾಡತೊಡಗಿತು.

ನಾನು ಮೊದಲು ಕೈಹಾಕುವುದು ಎದೆಹಾಲಿಗೆ. ತಾಯಿಯನ್ನು ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತೇನೆ. ಮಗುವಿನ ಒಂದು ಕಾಲು ನನ್ನ ಕಡೆ, ಮೈಗಿಂತ ಸ್ವಲ್ಪ ಕೆಳಗೆ ಇಳಿದಿರಬೇಕು. ಮಗು ಎದೆ ಹಿಡಿದ ಕೂಡಲೇ ಚುಚ್ಚುವುದಿಲ್ಲ. ಇಲ್ಲಿಯೇ ಎಲ್ಲರೂ ಅವಸರ ಮಾಡುವುದು. ಬಾಯಿ ಸರಿಯಾಗಿ ಕಚ್ಚಿಕೊಳ್ಳಬೇಕು, ಎಳೆದು ನುಂಗುವುದು ಒಂದು ಲಯಕ್ಕೆ ಬರಬೇಕು. ನಾನು ಮಗುವಿನ ಕೈ ನೋಡುತ್ತೇನೆ. ಬಿಗಿದ ಮುಷ್ಟಿ ಸಡಿಲಾಗಿ ಬೆರಳು ಬಿಡಿಸಿಕೊಂಡರೆ ನನಗೆ ಒಪ್ಪಿಗೆ ಸಿಕ್ಕ ಹಾಗೆ. ಅದಕ್ಕೆ ಐದು ನಿಮಿಷವಾದರೂ ಹಿಡಿಯುತ್ತದೆ. ರಕ್ತ ತೆಗೆಯುವಾಗಲೂ, ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದಾಗಲೂ ಹಾಲು ಕುಡಿಯುತ್ತಲೇ ಇರಬೇಕು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಲು ಕುಡಿಯುತ್ತಾ ಚುಚ್ಚಿಸಿಕೊಂಡ ಮಕ್ಕಳ ಅಳು, ತೊಟ್ಟಿಲಲ್ಲಿ ಬಟ್ಟೆ ಸುತ್ತಿ ಮಲಗಿಸಿದ್ದ ಮಕ್ಕಳಿಗಿಂತ ಶೇಕಡಾ 91ರಷ್ಟು ಕಡಿಮೆ ಇತ್ತು. ನನ್ನ ವಾರ್ಡಿನಲ್ಲಿ ನಾನು ಲೆಕ್ಕ ಇಟ್ಟಿಲ್ಲ. ಆದರೆ ಹಣೆ ಒಮ್ಮೆ ಗಂಟಿಕ್ಕಿ, ಹೀರುವುದನ್ನು ಅರೆಗಳಿಗೆ ನಿಲ್ಲಿಸಿ, ಮತ್ತೆ ಶುರು ಮಾಡುವ ಮಕ್ಕಳೇ ಹೆಚ್ಚು.

ಇದಕ್ಕೆ ಮೊದಲ ಆಕ್ಷೇಪ ಅಜ್ಜಿಯರದು. "ಕುಡಿಯೋವಾಗ ಚುಚ್ಚಿದ್ರೆ ನೆತ್ತಿಗೆ ಹತ್ತುತ್ತೆ ಕಣಮ್ಮ." ಭಯ ಸುಮ್ನೆ ಹುಟ್ಟಿದ್ದಲ್ಲ. ಅಳುತ್ತಿರುವ ಮಗುವಿನ ಬಾಯಿಗೆ ಹಾಲು ಹಾಕಿದರೆ ನೆತ್ತಿಗೆ ಹತ್ತುವುದು ನಿಜ. ಇಲ್ಲಿ ಮಗು ಅಳುತ್ತಿಲ್ಲ, ತಾನಾಗಿಯೇ ಹೀರುತ್ತಿದೆ. ಹಾಗೆ ನೆತ್ತಿಗೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ತಾಯಂದಿರ ಭಯ ಬೇರೆ, ಆಮೇಲೆ ಮಗು ಎದೆ ಕಂಡರೇ ಹೆದರಿದರೆ ಅಂತ. ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು "ನನ್ನ ಮ್ಯಾಲ ಸಿಟ್ಟು ಬರೂದಿಲ್ಲೇನ್ರಿ ಅದಕ್ಕ?" ಎಂದು ಕೇಳಿದ್ದಳು. ಮಗು ಮುಂದಿನ ಹೊತ್ತಿಗೂ ಎಂದಿನಂತೆಯೇ ಎದೆ ಹಿಡಿಯಿತು.

ಹಾಲು ಹಿಂಡಿ ನಾಲ್ಕು ಹನಿ ಬಾಯಿಗೆ ಬಿಟ್ಟರೆ ಸಾಲದೇ? ಇದನ್ನೂ ಕೇಳುತ್ತಾರೆ. ಏನೂ ಇಲ್ಲದ್ದಕ್ಕಿಂತ ವಾಸಿ, ಎದೆಗೆ ಹಾಕಿಕೊಂಡಷ್ಟು ಬರುವುದಿಲ್ಲ. ತಾಯಿಯ ಮೈ ಶಾಖ, ವಾಸನೆ, ಹೀರುವ ಕೆಲಸ ಎಲ್ಲ ಸೇರಿದಾಗಲೇ ಅದರ ಬಲ.

ಸಿಸೇರಿಯನ್ ಆದ ತಾಯಿ ಏಳಲಾರದಿದ್ದರೆ ಅಪ್ಪನ ಸರದಿ. ಅಂಗಿ ಗುಂಡಿ ಬಿಚ್ಚಿಸಿ, ಡೈಪರ್ ಮತ್ತು ಕುಲಾವಿ ಮಾತ್ರ ಇರುವ ಮಗುವನ್ನು ಎದೆಗೆ ಒರಗಿಸಿ, ಮೇಲೊಂದು ಹೊದಿಕೆ ಹಾಕುತ್ತೇನೆ. ಚುಚ್ಚುವ ಮೊದಲು ಹತ್ತು ಹದಿನೈದು ನಿಮಿಷ ಹಾಗೇ ಇರಬೇಕು. ಕಾಂಗರೂ ಆರೈಕೆ ಎನ್ನುವುದು ಇದನ್ನೇ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ ಶುರುವಾದದ್ದು. ಅಪ್ಪಂದಿರು ಮೊದಲು ನಾಚುತ್ತಾರೆ, ಆಮೇಲೆ ಮಗುವನ್ನು ವಾಪಸ್ ಕೊಡುವುದೇ ಇಲ್ಲ! ಅವರಲ್ಲೇ ಕೆಲವರು ಫೋನಿನಲ್ಲಿ ಓದಿಕೊಂಡು ಬಂದು "ಮರಗಟ್ಟಿಸೋ ಕ್ರೀಮ್ ಹಚ್ಚಬಹುದಲ್ವಾ?" ಎನ್ನುತ್ತಾರೆ. ಬೇರೆ ಕಡೆ ಚುಚ್ಚುವಾಗ ಅದು ಉಪಯೋಗಕ್ಕೆ ಬರಬಹುದು. ಹಿಮ್ಮಡಿಗೆ ಕೆಲಸ ಮಾಡುವುದಿಲ್ಲ.

ಇನ್ನು ಚುಚ್ಚುವವರ ಕೈ. ಮಗುವಿಗೆ ಸೂಜಿಗಿಂತ ಜಾಸ್ತಿ ನೋಯುವುದು ಆಮೇಲೆ ಹಿಂಡುವುದು. ಚುಚ್ಚುವುದು ಕ್ಷಣದ ಕೆಲಸ, ಹಿಂಡುವುದು ನಿಮಿಷಗಟ್ಟಲೆ. ಹಿಂಡಿ ಹಿಂಡಿ ತೆಗೆದರೆ ರಕ್ತಕಣ ಒಡೆದು ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಸುಳ್ಳೇ ಏರಿದಂತೆ ಕಾಣುತ್ತದೆ. ಆಗ ಇನ್ನೊಂದು ಸಲ ಚುಚ್ಚಬೇಕು. ಹಾಗಾಗಿ ಡಿಸೆಂಬರ್ ಚಳಿಯಲ್ಲಿ ಕಾಲು ಐಸಿನಂತಿದ್ದರೆ, ಮೊದಲು ನನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ. ಬಿಸಿನೀರು ತುಂಬಿದ ಕೈಗವಸು ಕಟ್ಟುವುದು ನನಗೆ ಇಷ್ಟವಿಲ್ಲ, ಆ ಚರ್ಮ ಬೇಗ ಸುಡುತ್ತದೆ. ಹಿಮ್ಮಡಿಯ ಅಡಿಭಾಗದ ಎರಡು ಬದಿಯಲ್ಲಿ ಮಾತ್ರ ಚುಚ್ಚುವುದು. ನಡುವೆ ಬೇಡ, ಹಿಂಬದಿಯ ಉಬ್ಬಿನಲ್ಲಂತೂ ಬೇಡವೇ ಬೇಡ, ಅಲ್ಲಿ ಮೂಳೆ ಹತ್ತಿರ. ಆಳ 2.4 ಮಿಲಿಮೀಟರ್ ಮೀರಬಾರದು. ಸಣ್ಣ ಮಕ್ಕಳಿಗೆ ಇನ್ನೂ ಕಡಿಮೆ. ಸ್ಪ್ರಿಂಗ್ ಇರುವ ಲ್ಯಾನ್ಸೆಟ್ (ಚುಚ್ಚುವ ಸಣ್ಣ ಸಾಧನ) ಸಿಕ್ಕರೆ ಆಳ ತಾನಾಗಿ ಹದದಲ್ಲಿರುತ್ತದೆ. ಸ್ಪಿರಿಟ್ ಪೂರ್ತಿ ಆರುವವರೆಗೆ ಕಾಯುತ್ತೇನೆ, ಇಲ್ಲದಿದ್ದರೆ ಗಾಯಕ್ಕೆ ಉರಿ. ಮೊದಲ ಹನಿ ಒರೆಸಿ, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಹನಿ ತಾನೇ ತುಂಬಲು ಬಿಡುತ್ತೇನೆ. ಜಾಸ್ತಿ ರಕ್ತ ಬೇಕಿದ್ದರೆ, ಕೈ ಪಳಗಿದವರು ರಕ್ತನಾಳದಿಂದ ತೆಗೆಯುವುದೇ ಮಗುವಿಗೆ ಕಡಿಮೆ ನೋವು. ಕೇಳಿದವರಿಗೆ ಆಶ್ಚರ್ಯ, ಆದರೆ ಹೋಲಿಸಿ ನೋಡಿದ ಅಧ್ಯಯನಗಳೂ ಅದನ್ನೇ ಹೇಳುತ್ತವೆ.

ಕಾಮಾಲೆ ಇಳಿಸಲು ಫೋಟೊಥೆರಪಿ ದೀಪದ ಕೆಳಗೆ ಮಲಗಿಸಿರುವ ಮಗುವನ್ನು ಎದೆಗೆ ಕೊಡಲು ಆಗದಿದ್ದರೆ ಇಬ್ಬರು ಬೇಕು. ಒಬ್ಬರು ಒಂದು ಕೈ ತಲೆಯ ಮೇಲೆ, ಇನ್ನೊಂದು ಕೈಯಲ್ಲಿ ಕೈಕಾಲು ಮಡಚಿ ಹಿಡಿದು, ಹೊಟ್ಟೆಯೊಳಗೆ ಇದ್ದ ಹಾಗೆ ಮುದುಡಿಸಿ ಹಿಡಿಯುವುದು. ಒತ್ತಬಾರದು, ಅಲ್ಲಾಡಿಸಲೂ ಬಾರದು. ಈ ಕೆಲಸಕ್ಕೆ ಅಜ್ಜಿಯರಷ್ಟು ಗಟ್ಟಿಗರು ಇಲ್ಲ. ಬಟ್ಟೆ ಸುತ್ತುವುದರಲ್ಲಿ ಮಾತ್ರ ಅವರ ಜೊತೆ ನನ್ನ ಜಗಳ. ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತಿದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಕೈಗಳು ಎದೆಯ ಮುಂದೆ, ಕಾಲು ಮಡಚಲು ಜಾಗ, ಅಷ್ಟಿದ್ದರೆ ಸಾಕು.

ಇನ್ನೊಂದು ಜಗಳ ಸಿಹಿಯದ್ದು. ಚುಚ್ಚುವ ಎರಡು ನಿಮಿಷ ಮೊದಲು ನಾಲಗೆಯ ತುದಿಗೆ ಸಕ್ಕರೆ ದ್ರಾವಣ ಬಿಟ್ಟರೆ ಅಳು ಕಡಿಮೆಯಾಗುತ್ತದೆ. ನಮ್ಮಲ್ಲಿ ಡಾಕ್ಟರ್ ಬರೆದರೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ, ಕೆಲವೇ ಹನಿ ಕೊಡುತ್ತೇವೆ. ಇದನ್ನು ಕಂಡ ಅಜ್ಜಿಯರು "ನಾವು ಜೇನು ನೆಕ್ಕಿಸ್ತೀವಿ ಅಂದ್ರೆ ಬೈತೀರಲ್ಲ!" ಎನ್ನುತ್ತಾರೆ. ಜೇನು ಬೇಡ ಎನ್ನಲು ಕಾರಣ ಬೇರೆ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಒಂದು ವರ್ಷದೊಳಗಿನ ಮಕ್ಕಳಿಗೆ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಸಕ್ಕರೆ ನೀರನ್ನು ಮನೆಯಲ್ಲಿ ಮಾಡಿ ಕುಡಿಸುವುದೂ ಬೇಡ. ಸಿಹಿಯ ಮೇಲೆ ನನಗೂ ಪೂರ್ತಿ ಭರವಸೆ ಇಲ್ಲ. 2010ರಲ್ಲಿ ಲಂಡನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಸಕ್ಕರೆ ಕೊಟ್ಟ ಮಕ್ಕಳ ಮುಖದಲ್ಲಿ ನೋವು ಕಡಿಮೆ ಕಂಡಿತು. ಆದರೆ ಮೆದುಳಿನಲ್ಲಿ ನೋವಿಗೆ ಏಳುವ ಅಲೆ ಕಡಿಮೆಯಾಗಿರಲಿಲ್ಲ. ಎದೆಹಾಲು ಸಾಧ್ಯವಿದ್ದಾಗ ನಾನು ಸಿಹಿ ದ್ರಾವಣ ಕೇಳುವುದಿಲ್ಲ.

ಅಳದ ಮಗುವಿನ ಮೇಲೆ ಕಣ್ಣು ಜಾಸ್ತಿ ಇಡುತ್ತೇನೆ. ತಿಂಗಳು ತುಂಬದ ಕೂಸುಗಳಿಗೆ ಅಳಲು ಶಕ್ತಿಯೇ ಇರುವುದಿಲ್ಲ. ಹುಬ್ಬು ಉಬ್ಬುತ್ತದೆ, ಕಣ್ಣು ಬಿಗಿಯುತ್ತದೆ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಗೆರೆ ಮೂಡುತ್ತದೆ, ಬೆರಳುಗಳು ಅಗಲವಾಗುತ್ತವೆ. ಮಾನಿಟರಿನಲ್ಲಿ ಆಕ್ಸಿಜನ್ ಇಳಿಯುತ್ತದೆ. ಆಗ ಕೈ ನಿಲ್ಲಿಸಿ, ಮಗು ಸುಧಾರಿಸಿಕೊಂಡ ಮೇಲೆ ಮುಂದುವರಿಸಬೇಕು.

ಇಷ್ಟಕ್ಕೂ ಅಡ್ಡ ಬರುವುದು ಅವಸರ. ಶುಕ್ರವಾರ ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಡಿಸ್ಚಾರ್ಜ್ ಆಗಿ ಹೊರಡಬೇಕು, ಕೆಳಗೆ ಕ್ಯಾಬ್ ಕಾಯುತ್ತಿದೆ ಎಂದು ಮನೆಯವರು ನಿಂತಿರುತ್ತಾರೆ. ಅದಕ್ಕೇ ಹಿಂದಿನ ಸಂಜೆಯೇ ಮಂಚ ಮಂಚಕ್ಕೆ ಹೋಗಿ, ನಾಳೆ ಹೊರಡುವವರು ಯಾರು, ಬೆಳಿಗ್ಗೆ ಮಗು ಎಷ್ಟು ಹೊತ್ತಿಗೆ ಹಾಲಿಗೆ ಏಳುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಆ ಹೊತ್ತಿಗೇ ಟ್ರೇ ಹಿಡಿದು ಹೋಗುತ್ತೇನೆ. ಸ್ಕ್ರೀನಿಂಗ್ ಮತ್ತು ಬಿಲಿರುಬಿನ್ ಎರಡೂ ಇದ್ದರೆ ಒಂದೇ ಚುಚ್ಚಿಗೆ ಮುಗಿಸಲು ಡಾಕ್ಟರನ್ನು ರೌಂಡ್ಸಿನಲ್ಲೇ ಕೇಳಿಕೊಂಡಿರುತ್ತೇನೆ.